ನಾಲ್ಕನೇ ನಿಯಮ

ಬೆಳಿಗ್ಗೆ ಒಂಬತ್ತು ಹದಿನೇಳಕ್ಕೆ ಬಂದ ಆ ನಾಲ್ಕು ಸಾಲಿನ ಇಮೇಲನ್ನು ಗಂಟೆ ಹತ್ತಾಗುವುದರೊಳಗೆ ಅವನು ಕಡಿಮೆಯೆಂದರೂ ಎಂಟುನೂರು ಸಲ ಓದಿರಬೇಕು. ಓದಿ ಓದಿ ಪರದೆಯ ಮೇಲಿನ ಅಕ್ಷರಗಳೇ ಸವೆದಂತೆ ಕಾಣುತ್ತಿದ್ದವು. ಬಸ್ ಡಿಪೋದ ಮಹಡಿಯ ಮೇಲಿದ್ದ ವೇಳಾಪಟ್ಟಿ ವಿಭಾಗವೆಂದರೆ ಒಂದು ಮೇಜು, ಒಂದು ಕುರ್ಚಿ, ಅವನು, ಅಷ್ಟೆ. ಆದರೂ ಯಾರೋ ಬೆನ್ನ ಹಿಂದೆ ನಿಂತು ತನ್ನ ಜೊತೆಗೇ ಓದುತ್ತಿದ್ದಾರೆ ಅನ್ನಿಸಿ ಮೂರು ಸಲ ತಿರುಗಿ ನೋಡಿದ. ಹಿಂದೆ ಗೋಡೆ. ಕೆಳಗೆ ಅಂಗಳದಲ್ಲಿ ಒಂದು ಬಸ್ಸು ಸ್ಟಾರ್ಟ್ ಆಗಲಾರದೆ ಕೆಮ್ಮುತ್ತಿತ್ತು. ಅದರ ಹೊಗೆ ಕಿಟಕಿಯಿಂದ ಒಳಗೆ ಬಂದು ಅವನ ಅಂಗಿಯ ಕಾಲರನ್ನು ಮೂಸಿ ಹೋಯಿತು. ಇಮೇಲು ಹೇಳುತ್ತಿದ್ದದ್ದು ಇಷ್ಟು: ತಮ್ಮ ಬಳಿ ತರಬೇತಿಗೆ ಅರ್ಜಿ ಹಾಕಿರುವ ಅಭ್ಯರ್ಥಿಯ ಸ್ವಂತ ಹೆಸರಿನಲ್ಲಿ, ಅರ್ಜಿಯ ಅವಧಿಯೊಳಗೆ ಸ್ವೀಕೃತವಾದ ಒಂದೂ ಬದಲಾವಣೆ ದಾಖಲೆಯಲ್ಲಿ ಕಂಡುಬಂದಿಲ್ಲ. ನಾಲ್ಕನೇ ನಿಯಮದಂತೆ ಅವರು ಅನರ್ಹರಾಗುತ್ತಾರೆ. ಮಾರ್ಗದರ್ಶಕರಾದ ತಾವು ವಿವರಣೆ ಕೊಡುವುದಿದ್ದಲ್ಲಿ ಇಂದು ಸಂಜೆ ಐದು ಗಂಟೆಯೊಳಗೆ ಕೊಡತಕ್ಕದ್ದು.

ಕಂಡುಬರುವುದಾದರೂ ಹೇಗೆ? ಕಾಣದ ಹಾಗೆ ಮಾಡಿದವನು ಅವನೇ. ಬಸ್ಸುಗಳ ವೇಳೆ ಹೊಂದಿಸುವ ಆ ಪ್ರೋಗ್ರಾಮನ್ನು ಅವನು ಒಂಬತ್ತು ವರ್ಷದ ಹಿಂದೆ ಇದೇ ಮೇಜಿನ ಮೇಲೆ, ಇದೇ ಮುರುಕು ಕುರ್ಚಿಯಲ್ಲಿ ಕೂತು ಬರೆದಿದ್ದ. ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ, ಒಳಗೆ ಕೈ ಹಾಕಿ ನೋಡಿ, ತಪ್ಪಿದ್ದರೆ ತಿದ್ದಿ ಕಳಿಸಿ ಎಂದು ಜಗತ್ತಿನ ಮುಂದೆ ಬಿಚ್ಚಿಟ್ಟಿದ್ದ. ಅವನ ಬಾಯಲ್ಲಿ ಅದು ಮುನ್ನೂರು ಊರುಗಳಲ್ಲಿ ಓಡುತ್ತಿತ್ತು. ಲೆಕ್ಕ ಹಾಕಿದರೆ ಇಪ್ಪತ್ತಾರು. ಇಂಥ ಬಿಚ್ಚಿಟ್ಟ ಪ್ರೋಗ್ರಾಮುಗಳಲ್ಲಿ ಕೆಲಸ ಕಲಿಯುವ ಹೊಸ ಹುಡುಗ ಹುಡುಗಿಯರಿಗೆ ಮೂರು ತಿಂಗಳು ಭತ್ಯೆ ಕೊಡುವ ಒಂದು ಯೋಜನೆಯಿತ್ತು. ನಾಲ್ಕಾರು ದೊಡ್ಡ ಕಂಪನಿಗಳು ಸೇರಿ ನಡೆಸುತ್ತಿದ್ದದ್ದು. ಅದಕ್ಕೆ ನಿಯಮಗಳೋ ನಿಯಮಗಳು. ತರಬೇತಿಯ ಮೊದಲ ದಿನಕ್ಕೆ ಇಪ್ಪತ್ತೈದು ವರ್ಷ ತುಂಬಿರಬಾರದು. ಹಿಂದೆ ಈ ಭತ್ಯೆ ಪಡೆದಿರಬಾರದು. ಬೇರೆಲ್ಲೂ ಪೂರ್ತಿ ಹೊತ್ತಿನ ಕೆಲಸದಲ್ಲಿರಬಾರದು. ನಾಲ್ಕನೆಯದು ಇದು, ಅರ್ಜಿ ಹಾಕುವ ಮೊದಲು ಆ ಪ್ರೋಗ್ರಾಮಿನಲ್ಲಿ ಒಂದಾದರೂ ತಪ್ಪನ್ನು ತಿದ್ದಿ, ಆ ತಿದ್ದುಪಡಿ ತನ್ನ ಹೆಸರಿನಲ್ಲೇ ದಾಖಲೆಗೆ ಹತ್ತಿರಬೇಕು. ಈ ಲೋಕದಲ್ಲಿ ಒಂದು ಸಾಲು ಬದಲಾದರೂ ಅದರ ಪಕ್ಕದಲ್ಲಿ ಬದಲಿಸಿದವರ ಹೆಸರು, ತಾರೀಖು, ಗಂಟೆ ನಿಮಿಷ ಸಮೇತ ಕೂತುಬಿಡುತ್ತದೆ. ಕಲ್ಲಿನ ಮೇಲಿನ ಶಾಸನವಾದರೂ ಅಳಿಸೀತು, ಇದು ಅಳಿಸದು. ಹುಡುಗಿ ತಪ್ಪು ತಿದ್ದಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಸರು ಅವನದು.

ಹುಡುಗಿಯನ್ನು ಅವನು ಕಣ್ಣಾರೆ ಕಂಡವನಲ್ಲ. ಎಲ್ಲೋ ದೂರದ ಊರಿನ ಔಷಧಿ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದವಳು. ಕಂಪ್ಯೂಟರಿನಲ್ಲಿ ಫೋಟೋದ ಜಾಗದಲ್ಲಿ ಒಂದು ಗುಬ್ಬಚ್ಚಿಯ ಚಿತ್ರ ಹಾಕಿಕೊಂಡಿದ್ದರಿಂದ ಗುಬ್ಬಚ್ಚಿ ಎಂದೇ ಕರೆಯುತ್ತಿದ್ದ. ಮಧ್ಯರಾತ್ರಿ ದಾಟುವ ಬಸ್ಸುಗಳ ವಿಷಯದಲ್ಲಿ ಅವನ ಪ್ರೋಗ್ರಾಮು ಒಂಬತ್ತು ವರ್ಷದಿಂದ ಹುಚ್ಚುಹುಚ್ಚಾಗಿ ಆಡುತ್ತಿತ್ತು. ಹನ್ನೊಂದು ಐವತ್ತಕ್ಕೆ ಹೊರಟು ಹನ್ನೆರಡೂ ಇಪ್ಪತ್ತಕ್ಕೆ ತಲುಪಿದ ಬಸ್ಸು, ಹೊರಡುವುದಕ್ಕಿಂತ ಇಪ್ಪತ್ಮೂರೂವರೆ ಗಂಟೆ ಮೊದಲೇ ತಲುಪಿದೆ ಎಂದು ವರದಿ ಬರುತ್ತಿತ್ತು. ಅವನು ಪ್ರತಿ ತಿಂಗಳೂ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ಕೈಯಲ್ಲಿ ಬರೆಯುತ್ತಿದ್ದ. ಪ್ರೋಗ್ರಾಮಿನಲ್ಲಿ ತಪ್ಪಿದೆಯೆಂದು ಯಾರಿಗೂ ಹೇಳಿರಲಿಲ್ಲ. ಗುಬ್ಬಚ್ಚಿ ಎರಡೇ ವಾರದಲ್ಲಿ ಅದರ ಕುತ್ತಿಗೆ ಹಿಡಿದಿದ್ದಳು. ನಲವತ್ಮೂರು ಸಾಲು. ಮೊದಲ ಸಲ ಓದಿದಾಗ ಅವನ ಎದೆಯೊಳಗೆ ಏನೋ ಜುಂ ಎಂದಿತ್ತು. ಇಷ್ಟು ಸುಲಭ. ಆಮೇಲೆ ಅಲ್ಲಿ ಎರಡು ಖಾಲಿ ಜಾಗ ಹೆಚ್ಚಿದೆ, ಇಲ್ಲಿ ಒಂದು ಆವರಣ ಚಿಹ್ನೆ ಕೆಳಗಿನ ಸಾಲಿಗೆ ಬರಬೇಕು, ಈ ಹೆಸರು ಉದ್ದವಾಯಿತು ಎಂದು ಒಂದೊಂದಾಗಿ ಸವರುತ್ತಾ ಹೋದ. ಸವರಿ ಸವರಿ ನಲವತ್ಮೂರರಲ್ಲಿ ಹನ್ನೆರಡು ಸಾಲು ಅವನದಾಯಿತು. ಉಳಿದ ಮೂವತ್ತೊಂದು ಹೇಗಿತ್ತೋ ಹಾಗೇ. ಎಲ್ಲವನ್ನೂ ಒಟ್ಟಿಗೆ ಗಂಟು ಕಟ್ಟಿ ತನ್ನ ಹೆಸರಿನಲ್ಲಿ ಒಳಗೆ ಸೇರಿಸಿದ. ಕದಿಯುತ್ತಿದ್ದೇನೆ ಎಂದು ಅನ್ನಿಸಿರಲಿಲ್ಲ. ಊಟವಾದ ಮೇಲೆ ಬಾಯಿ ಒರೆಸಿಕೊಂಡಷ್ಟು ಸಹಜವಾಗಿ ಮಾಡಿ, ಎದ್ದು ಹೋಗಿ ನೀರು ಕುಡಿದಿದ್ದ.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತು, ಒಂದು ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ಒಂದೇ ಒಂದು ಅಕ್ಷರದ ಹೊಟ್ಟೆಗೆ ನೀಲಿ ತುಂಬಲು ಅಪ್ಪ ಬಿಟ್ಟಿದ್ದ ದಿನ ಅವನಿಗೆ ಹನ್ನೊಂದು ವರ್ಷ. ಉಸಿರು ಬಿಗಿಹಿಡಿದು, ಅಂಚು ದಾಟದ ಹಾಗೆ ತುಂಬಿದ್ದ. ಅಪ್ಪ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಟರ್ಪೆಂಟೈನ್ ಬಟ್ಟೆಯಿಂದ ಅದನ್ನು ಒರೆಸಿ, ಅದೇ ನೀಲಿಯನ್ನು ಅದೇ ಹೊಟ್ಟೆಗೆ ತುಂಬಿದ. ‘ಕೆಟ್ಟಿತ್ತಾ ಅಪ್ಪಾ?’ ‘ಇಲ್ಲ ಮಗನೆ, ಚೆನ್ನಾಗೇ ಇತ್ತು. ಆದ್ರೂ ನನ್ನ ಕೈ ಒಂದ್ಸಲ ಹೋಗ್ಬೇಕು.’ ಬೋರ್ಡಿನ ಮೂಲೆಯಲ್ಲಿ ಅಪ್ಪನ ಸಣ್ಣ ಸಹಿ. ಆ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ಗೆಳೆಯರಿಗೆ ಅವನು ಆ ಬೋರ್ಡನ್ನು ತೋರಿಸುತ್ತಿದ್ದ. ಇಡೀ ಬೋರ್ಡನ್ನು ತಾನೇ ಬರೆದದ್ದೆಂದು.

ಹತ್ತೂಕಾಲಿಗೆ ಗುಬ್ಬಚ್ಚಿಯ ಸಂದೇಶ ಬಂತು. ‘ಸರ್, ಆಫೀಸಿನವರು ನನ್ನ ಹೆಸರು ಇಲ್ಲ ಅಂತಿದಾರೆ. ನಾನೇನಾದ್ರೂ ಕಳಿಸೋದ್ರಲ್ಲಿ ತಪ್ಪು ಮಾಡಿದ್ನಾ?’ ಬೈದಿದ್ದರೆ ಆಗುತ್ತಿತ್ತು. ಬೈಗುಳಕ್ಕೆ ಅವನ ಹತ್ತಿರ ಸಿದ್ಧ ಉತ್ತರಗಳ ಗೋದಾಮೇ ಇತ್ತು. ನಾನೇನಾದ್ರೂ ತಪ್ಪು ಮಾಡಿದ್ನಾ ಎನ್ನುವುದಕ್ಕೆ ಏನು ಹೇಳುವುದು? ಅವಳು ಹೋದ ಶನಿವಾರ ಅಂಗಡಿಯ ಕೆಲಸ ಬಿಟ್ಟಿದ್ದಳು. ಮೂರನೇ ನಿಯಮ. ಬಿಡುವ ಮೊದಲು ಕೇಳಿದ್ದಳು, ‘ಸರ್, ಖಾತ್ರಿನಾ?’ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಫೋನಿನಲ್ಲಿ ಹೇಳಿದ್ದ, ‘ಆದ ಹಾಗೇ ಅಂತ ಇಟ್ಕೋ ತಾಯಿ. ನನ್ನ ಹೆಸರು ಹೇಳಿದ್ರೆ ಆ ಕಮಿಟಿ ಎದ್ದು ನಿಲ್ಲುತ್ತೆ.’ ಆ ಕಮಿಟಿಯಲ್ಲಿ ಅವನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಬರುವ ತಿಂಗಳು ಹನ್ನೆರಡಕ್ಕೆ ಅವಳಿಗೆ ಇಪ್ಪತ್ತೈದು ತುಂಬುತ್ತದೆ. ಮೊದಲನೇ ನಿಯಮ. ಮುಂದಿನ ವರ್ಷ ಎನ್ನುವುದು ಅವಳಿಗಿಲ್ಲ.

ಎದ್ದ. ಕೂತ. ಕಿಟಕಿ ಮುಚ್ಚಿದ, ಸೆಕೆಯಾಯಿತು, ತೆರೆದ. ಒಂದು ದಾರಿ ಇತ್ತು, ಅದೂ ಅವನ ಬೆರಳ ತುದಿಯಲ್ಲೇ. ದಾಖಲೆಯಲ್ಲಿ ಕೂರುವ ತಾರೀಖೆಂದರೆ ಕಂಪ್ಯೂಟರಿನ ಗಡಿಯಾರ ಹೇಳಿದ ತಾರೀಖು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅದು ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತದೆ. ಇಡೀ ಊರಿನ ಬಸ್ಸುಗಳಿಗೆ ಹೊತ್ತು ಗೊತ್ತು ಮಾಡುವವನಿಗೆ ಮೂರು ವಾರ ಹಿಂದಕ್ಕೆ ಹೋಗುವುದೇನು ಮಹಾ? ತಿರುಗಿಸಿಯೇಬಿಟ್ಟ. ಪರದೆಯ ಮೂಲೆಯಲ್ಲಿ ಹಳೆಯ ತಾರೀಖು ಬಂದು ಕೂತಿತು. ಆ ದಿನ ಏನು ಮಾಡುತ್ತಿದ್ದೆ? ಇದೇ ಕುರ್ಚಿಯಲ್ಲಿ ಕೂತು ಅವಳ ಸಾಲುಗಳನ್ನು ಸವರುತ್ತಿದ್ದೆ. ಫೋನು ತೆಗೆದುಕೊಂಡ.

‘ನೋಡಮ್ಮ, ಒಂದು ಚಿಕ್ಕ ಕೆಲಸ. ಒಂದೇ ಒಂದು ಸಾಲು ಏನಾದ್ರೂ ತಿದ್ದಿ ಕಳ್ಸು. ನಿನ್ನ ಗಡಿಯಾರದಲ್ಲಿ ತಾರೀಖು ಮೂರು ವಾರ ಹಿಂದಕ್ಕೆ ಇಟ್ಕೊಂಡು ಕಳ್ಸು. ಮಿಕ್ಕಿದ್ದು ನಾನು ನೋಡ್ಕೋತೀನಿ.’

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದು. ‘ಹಿಂದಕ್ಕಾ? ಅದು ಸುಳ್ಳಾಗಲ್ವಾ ಸರ್?’

‘ಸುಳ್ಳು ಅಂತಲ್ಲ. ಒಂಥರಾ ಹೊಂದಾಣಿಕೆ.’

‘ನಾನು ಕಳಿಸಿದ್ದು ಒಳಗೆ ಇದೆ ಅಲ್ವಾ ಸರ್? ನೀವೇ ಹೇಳಿದ್ರಿ, ಚೆನ್ನಾಗಿ ಕೆಲ್ಸ ಮಾಡ್ತಿದೆ ಅಂತ.’

‘ಇದೆ.’

‘ಮತ್ತೆ ನಿಜವಾದ್ದೇ ಇರುವಾಗ ಸುಳ್ಳಿಂದು ಯಾಕೆ ಬೇಕು?’

ಅವನು ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಕಿವಿ ಕಾದ ಹೆಂಚಾಗಿತ್ತು. ಅವಳು ಉಸಿರಾಡುವುದು ಕೇಳಿಸುತ್ತಿತ್ತು. ಅವಳಿಗೆ ಗೊತ್ತು ಎಂದು ಆಗ ಹೊಳೆಯಿತು. ಆವತ್ತಿನಿಂದಲೂ ಗೊತ್ತು. ದಾಖಲೆ ಎಲ್ಲರಿಗೂ ಕಾಣುವಂಥದ್ದು, ಅವಳು ಮೊದಲ ದಿನವೇ ತನ್ನ ಸಾಲುಗಳ ಪಕ್ಕದಲ್ಲಿ ತನ್ನ ಹೆಸರನ್ನು ಹುಡುಕಿರುತ್ತಾಳೆ. ಹುಡುಕಿ, ಇಲ್ಲದ್ದನ್ನು ಕಂಡು, ಹೀಗೇ ಇರಬೇಕೇನೋ ಪದ್ಧತಿ ಎಂದುಕೊಂಡು, ಸರ್ ಸರ್ ಎನ್ನುತ್ತಾ ಬಂದಿದ್ದಾಳೆ. ‘ಒಂದ್ನಿಮಿಷ, ಇಲ್ಲಿ ಯಾರೋ ಬಂದ್ರು’ ಎಂದು ಫೋನಿಟ್ಟ. ಯಾರೂ ಬಂದಿರಲಿಲ್ಲ.

ಆದರೆ ಅವನ ಸುಳ್ಳಿಗೂ ಒಂದು ಅದೃಷ್ಟ ಇತ್ತು ನೋಡಿ, ಹತ್ತು ನಿಮಿಷದಲ್ಲಿ ನಿಜವಾಗಿಯೂ ಒಬ್ಬ ಬಂದ. ಹಾರ್ನ್ ಅಣ್ಣ. ಅವನು ಹಾರ್ನು ಒತ್ತಿದರೆ ಪಕ್ಕದ ಊರಿನ ನಾಯಿಗಳು ಎದ್ದು ಕೂರುತ್ತವೆ ಎಂಬ ಖ್ಯಾತಿಯ ಡ್ರೈವರು; ಹನ್ನೊಂದು ಐವತ್ತರ ಬಸ್ಸು ಓಡಿಸುವವನು. ತಿಂಗಳಿಗೊಮ್ಮೆ, ಹೊರಡುವ ಮೊದಲೇ ತಲುಪಿದ್ದಕ್ಕೆ ವಿವರಣೆ ಕೊಡಿ ಎಂಬ ನೋಟಿಸು ಹಿಡಿದು ಮೆಟ್ಟಿಲು ಹತ್ತಿ ಜಗಳಕ್ಕೆ ಬರುತ್ತಿದ್ದ. ಈ ತಿಂಗಳು ನೋಟಿಸು ಬಂದಿರಲಿಲ್ಲ.

‘ಟೈಮ್ ಸಾಹೇಬ್ರೇ, ನಿಮ್ಮ ತಲೆ ತಲೆನೇ ಬಿಡಿ. ಒಂಬತ್ತು ವರ್ಷದ ಕಾಟ ತಪ್ಸಿದ್ರಿ. ಮೇಲಿನವರ ಹತ್ರನೂ ಹೇಳ್ದೆ, ಮಹಡಿ ಮೇಲೆ ಒಂದು ರತ್ನ ಕೂತಿದೆ, ನೀವು ನೋಡ್ತಾನೇ ಇಲ್ಲ ಅಂತ.’

ಬೇರೆ ದಿನವಾಗಿದ್ದರೆ ಅವನು ಅರ್ಧ ಗಂಟೆ ಆ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದ. ಇವತ್ತು ಕುರ್ಚಿಯ ತುದಿಗೆ ಸರಿದು ಕೂತ. ಇವನ ಮುಂದೆ ಮೊದಲು ಹೇಳಿ ನೋಡೋಣ, ಬಾಯಿಗೆ ಅಭ್ಯಾಸವಾಗಲಿ ಎಂದುಕೊಂಡ. ‘ಅದು ನಾನು ಮಾಡಿದ್ದಲ್ಲಪ್ಪ. ಒಬ್ಬಳು ಹುಡುಗಿ ಮಾಡಿದ್ದು.’

ಹಾರ್ನ್ ಅಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿ, ಮೇಜು ತಟ್ಟಿ ನಕ್ಕ. ‘ಇದು ಹೊಸ ವರಸೆ. ವಿನಯ ಬೇರೆ ಶುರು ಮಾಡಿದ್ರಾ?’

‘ನಿಜವಾಗ್ಲೂ. ನಾನಲ್ಲ.’

‘ನೀವಲ್ಲ ಅಂತ ನೀವೇ ಹೇಳ್ತಿದೀರಾ ಅಂದ್ಮೇಲೆ ಖಂಡಿತ ನೀವೇ. ನಿಮ್ಮನ್ನ ಎಷ್ಟು ವರ್ಷದಿಂದ ನೋಡಿದೀನಿ ಸಾಹೇಬ್ರೇ. ಬೇರೆಯವರು ಮಾಡಿದ್ರೆ ನೀವು ಅವರ ಹೆಸರು ಹೇಳೋ ಪೈಕಿನಾ?’ ಎಂದು, ತಂದಿದ್ದ ಡ್ಯೂಟಿ ಹಾಳೆಗೆ ರುಜು ಹಾಕಿಸಿಕೊಂಡು, ಮಡಚಿ ಜೇಬಿಗಿಟ್ಟು, ಇಳಿದು ಹೋದ. ಮೆಟ್ಟಿಲ ಮೇಲೂ ಅವನ ನಗು ಧಡಧಡ ಉರುಳುತ್ತಾ ಹೋಯಿತು.

ಬೇರೆಯವರು ಮಾಡಿದ್ರೆ. ಮೊನ್ನೆ ಮನೆಗೆ ಹೆಂಡತಿಯ ತವರಿನವರು ಬಂದಿದ್ದಾಗ ಅವನೊಂದು ಜೋಕು ಹೇಳಿದ್ದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾದಿನಿಯಂತೂ ಕಣ್ಣೊರೆಸಿಕೊಂಡಿದ್ದಳು. ಹೆಂಡತಿ ಒಬ್ಬಳು ನಗಲಿಲ್ಲ. ಅವರೆಲ್ಲ ಹೋದ ಮೇಲೆ, ಲೋಟಗಳನ್ನು ಎತ್ತುತ್ತಾ, ಅವನ ಕಡೆ ನೋಡದೆಯೇ ಅಂದಳು, ‘ಆ ಜೋಕು ನಂದು ಕಣ್ರೀ. ಹೋದ ವಾರ ನಾನು ಹೇಳ್ದಾಗ ನೀವು ಪೇಪರ್ ಓದ್ತಿದ್ರಿ.’ ಅವನು ವಾದಕ್ಕೆ ಬಿದ್ದ. ‘ನೀನು ಹೇಳಿದ್ದು ಬೇರೆ ಥರ. ಕೊನೆಯಲ್ಲಿ ನಾನು ಸ್ವಲ್ಪ ತಿದ್ದಿದೀನಿ.’ ‘ಹೌದು, ತಿದ್ದಿದೀರಿ’ ಎಂದು ಅವಳು ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಅವಳು ಇನ್ನೇನೋ ಅಂದಳು. ಸರಿಯಾಗಿ ಕೇಳಿಸದಿದ್ದರೂ ಏನಂದೆ ಎಂದು ಅವನು ಕೇಳಲಿಲ್ಲ.

ಬರೆಯಲು ಕೂತ. ಮೊದಲ ಕರಡು ಮೂರು ಪುಟವಾಯಿತು. ಅದರಲ್ಲಿ ಎರಡೂಮುಕ್ಕಾಲು ಪುಟ ಅವನ ಒಂಬತ್ತು ವರ್ಷದ ಸಾಧನೆ. ಮುನ್ನೂರು ಊರುಗಳೂ ಅದರಲ್ಲಿ ಬಂದು ಹೋದವು. ಅಳಿಸಿದ. ಎರಡನೆಯದರಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂಬ ಮಾತು ಬಂತು. ಆ ಮಾತಿನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಎಷ್ಟು ಮಡಿಯಾಗಿ ನಿಂತಿದೆ, ಮಹರಾಯ. ಅಳಿಸಿದ. ಊಟದ ಡಬ್ಬಿ ತೆರೆದು ಮುಚ್ಚಿದ. ನೂರಾ ಐದನೆಯದೋ ನೂರಾ ಆರನೆಯದೋ ಕರಡು ಹೊತ್ತಿಗೆ ಗಂಟೆ ಎರಡಾಗಿತ್ತು, ಐದು ಸಾಲು ಉಳಿದಿತ್ತು. ಮಧ್ಯರಾತ್ರಿಯ ಬಸ್ಸುಗಳ ತಪ್ಪನ್ನು ತಿದ್ದಿದ್ದು ಈ ಅಭ್ಯರ್ಥಿ. ನಾನು ಜಾಗ, ಆವರಣಗಳನ್ನು ಸರಿಮಾಡಿ ನನ್ನ ಹೆಸರಿನಲ್ಲಿ ಸೇರಿಸಿದೆ. ಅವರು ಕಳಿಸಿದ ಮೂಲ ಪ್ರತಿಯನ್ನು ತಾರೀಖಿನೊಂದಿಗೆ ಇದರ ಜೊತೆ ಇಟ್ಟಿದ್ದೇನೆ. ತಪ್ಪು ನನ್ನದು. ಅವರ ಅರ್ಹತೆಗೆ ಇದರಿಂದ ಕುಂದಾಗಬಾರದು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಗಡಿಯಾರವನ್ನು ಇನ್ನೂ ಇವತ್ತಿಗೆ ತಂದಿಲ್ಲ ಎಂದು ನೆನಪಾಗಿ, ಮೂರು ವಾರ ಮುಂದಕ್ಕೆ ತಿರುಗಿಸಿ, ಆಮೇಲೆ ಒತ್ತಿದ.

ಕಾಲು ಗಂಟೆಯಲ್ಲಿ ಫೋನು ಬಂತು. ಅರ್ಹತೆ ನೋಡುವ ಅಧಿಕಾರಿಯಂತೆ. ದನಿ ಕೇಳಿದರೆ ಗುಬ್ಬಚ್ಚಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ. ಎದ್ದು ನಿಲ್ಲುವ ಕಮಿಟಿ ಇದು.

‘ನಿಮ್ಮ ಪತ್ರ ಓದಿದೆ. ಇದೊಂದೇನಾ, ಬೇರೆಯವರದ್ದೂ ಹೀಗಾಗಿದೆಯಾ?’

‘ಒಬ್ಬಿಬ್ಬರದು ಇರಬಹುದು.’

ಆ ಕಡೆ ಕಾಗದ ತಿರುವುವ ಸದ್ದು. ಯಾವ ಮಾತಿಗಾದರೂ ಅವನ ಹತ್ತಿರ ಮರುಮಾತಿತ್ತು, ಕಾಗದ ತಿರುವುವುದಕ್ಕೆ ಇರಲಿಲ್ಲ. ಬೆಳಗಿನಿಂದ ತಾನು ಲೆಕ್ಕ ಹಾಕುತ್ತಲೇ ಇದ್ದೇನೆ ಎಂದು ಆಗ ಗೊತ್ತಾಯಿತು. ಒಬ್ಬೊಬ್ಬರೇ ಬಂದು ತಲೆಯೊಳಗೆ ಸಾಲಾಗಿ ನಿಂತಿದ್ದರು. ರಜಾದಿನಗಳ ಪಟ್ಟಿ ಸರಿಮಾಡಿದ ನಿವೃತ್ತ ಮೇಷ್ಟ್ರು. ಪರದೆಯ ಬಣ್ಣ ಕಣ್ಣಿಗೆ ಹೊಡೆಯದ ಹಾಗೆ ಮಾಡಿದ, ಬಣ್ಣ ಸರಿಯಾಗಿ ಕಾಣದ ಹುಡುಗ. ‘ಹತ್ತೊಂಬತ್ತು’ ಅಂದ. ಹುಟ್ಟಿದಾಗಿನಿಂದ ಅವನ ಬಾಯಿಂದ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಹೊರಬಿದ್ದ ಮೊದಲ ಸಂಖ್ಯೆ ಅದೇ ಇರಬೇಕು.

‘ಸರಿ. ಮೂಲ ಪ್ರತಿಯ ತಾರೀಖು ಅವಧಿಯೊಳಗಿದೆ. ಐದರೊಳಗೆ ಎಲ್ಲರಿಗೂ ಕಾಣೋ ಹಾಗೆ ದಾಖಲೆ ತಿದ್ದಿದ್ರೆ ಆ ಹುಡುಗಿ ಅರ್ಹಳು. ಹತ್ತೊಂಬತ್ತೂ ಹೆಸರು ಬರ್ಬೇಕು. ತಿದ್ದುಪಡಿ ಆಕೆಯೇ ಕಳಿಸ್ಲಿ, ನೀವು ಒಪ್ಕೊಳ್ಳಿ, ಸಾಕು.’ ಒಂದು ಕ್ಷಣ ಬಿಟ್ಟು, ‘ಹನ್ನೊಂದನೇ ನಿಯಮ ಓದಿದೀರಾ?’

‘ಅಷ್ಟು ಕೆಳಗೆ ಹೋಗಿಲ್ಲ.’

‘ಅದು ಮಾರ್ಗದರ್ಶಕರ ಅರ್ಹತೆ. ಆಕೆಯನ್ನ ಬೇರೆ ಕಡೆ ಹಾಕ್ತೀವಿ. ನಿಮ್ಮ ಪ್ರೋಗ್ರಾಮು ಮೂರು ವರ್ಷ ನಮ್ಮ ಪಟ್ಟೀಲಿ ಇರಲ್ಲ.’

‘ಆಯ್ತಮ್ಮ’ ಅಂದ. ಅನ್ನುವಾಗ ಅವನಿಗೆ ಚುಚ್ಚಿದ್ದು ಮೂರು ವರ್ಷವಲ್ಲ. ಇನ್ನು ಆ ಹುಡುಗಿ ಏನೇ ತಿದ್ದಿದರೂ ಮೊದಲು ಓದುವವರು ಬೇರೆ ಯಾರೋ ಆಗಿರುತ್ತಾರೆ, ಜುಂ ಎನ್ನುವ ಎದೆ ಬೇರೆ ಯಾರದೋ.

ಹತ್ತೊಂಬತ್ತು ಹೆಸರುಗಳನ್ನು ಹುಡುಕಿ ತೆಗೆಯುವುದೆಂದರೆ ಹಳೆಯ ಟ್ರಂಕಿನೊಳಗೆ ತಲೆ ಹಾಕಿದಂತಾಯಿತು. ಹದಿನೆಂಟು ಸಿಕ್ಕವು. ಹತ್ತೊಂಬತ್ತನೆಯವರದು ಬರೀ ಒಂದು ಇಮೇಲ್ ವಿಳಾಸ. ಬರೆದು ನೋಡಿದರೆ ಅಂಥ ವಿಳಾಸವೇ ಇಲ್ಲವೆಂದು ಮರುಕ್ಷಣ ವಾಪಸು ಬಂತು. ಏನೋ ಒಂದು ಹೆಸರು ಕಟ್ಟಿಬಿಡಲೇ ಎಂದು ಕೈ ತುರಿಸಿತು. ಕಟ್ಟಲಿಲ್ಲ. ಫೋನು ಮಾಡಿ ಹುಡುಗಿಗೆ ಎಲ್ಲ ಹೇಳಿದ. ಹೇಳುವಾಗ ಎದ್ದು ನಿಂತಿದ್ದ, ಯಾಕೆಂದು ಅವನಿಗೂ ತಿಳಿಯದು.

‘ಹತ್ತೊಂಬತ್ತು ಹೆಸರಿದೆ. ಒಬ್ಬರದು ಗೊತ್ತಿಲ್ಲ.’

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, ಮೆಲ್ಲಗೆ, ‘ನಂದೊಂದೇ ಅಂದ್ಕೊಂಡಿದ್ದೆ ಸರ್. ನಾನು ಬರೆದಿದ್ದು ಅಷ್ಟು ಕೆಟ್ಟದಾಗಿದೆ ಅಂತ. ಅದಕ್ಕೇ ಹೆಸರು ಹಾಕಿಲ್ಲ ಅಂತ.’

‘ಚೆನ್ನಾಗೇ ಇತ್ತು.’ ಹೇಳಿ ಮುಗಿಸಿದ ಮೇಲೆ ಆ ಮಾತು ತನ್ನ ಬಾಯಲ್ಲಿ ಯಾರ ದನಿಯಲ್ಲಿ ಬಂತೆಂದು ಕೇಳಿಸಿ, ಆದ್ರೂ ಎಂದು ಮುಂದುವರಿಯುವ ಮೊದಲೇ ತುಟಿ ಕಚ್ಚಿಕೊಂಡ.

‘ಪಟ್ಟಿ ಕಳ್ಸಿ ಸರ್. ಮಾಡ್ತೀನಿ.’

ಅವಳ ತಿದ್ದುಪಡಿ ಬಂದಾಗ ನಾಲ್ಕು ಮೂವತ್ತೆಂಟು. ಮಧ್ಯರಾತ್ರಿಯ ಬಸ್ಸುಗಳ ಸಾಲುಗಳ ಪಕ್ಕದಲ್ಲಿ ಅವಳ ಹೆಸರು. ಪ್ರೋಗ್ರಾಮಿನ ಮೊದಲ ಪುಟದಲ್ಲಿ, ಒಂಬತ್ತು ವರ್ಷದಿಂದ ಅವನ ಹೆಸರೊಂದೇ ಕಾಲು ಚಾಚಿ ಮಲಗಿದ್ದ ಜಾಗದ ಕೆಳಗೆ, ಹತ್ತೊಂಬತ್ತು ಸಾಲು. ಕೊನೆಯದು, ‘ಹೆಸರು ತಿಳಿಯದ ಒಬ್ಬರು, ನಿಲ್ದಾಣಗಳ ಪಟ್ಟಿಯನ್ನು ಸರಿಪಡಿಸಿದವರು.’ ಅವನು ಓದಿದ. ಓದುತ್ತಿದ್ದ ಹಾಗೆ ಮೂರನೇ ಸಾಲು ಕಣ್ಣಿಗೆ ಚುಚ್ಚಿತು. ಮಿಕ್ಕೆಲ್ಲ ಸಾಲುಗಳು ಒಂದೇ ಗೆರೆ ಹಿಡಿದು ನಿಂತಿದ್ದರೆ, ಮೂರನೆಯದು ಒಂದೇ ಒಂದು ಜಾಗ ಒಳಕ್ಕೆ ಸರಿದಿತ್ತು. ಇಪ್ಪತ್ತಾರು ಊರಿನಲ್ಲಿ ಒಬ್ಬರಿಗೂ ಕಾಣದು. ಅವನಿಗೆ ಅದು ಊರ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದು ಗುಂಡಿ ಒತ್ತಿದರೆ ಸರಿಹೋಗುತ್ತದೆ. ಒತ್ತಿದರೆ ಈ ತಿದ್ದುಪಡಿಯ ಪಕ್ಕದಲ್ಲೂ ಅವನ ಹೆಸರು ಬಂದು ಕೂರುತ್ತದೆ. ಬಲಗೈ ತಾನಾಗಿಯೇ ಹೊರಟಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡ. ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತ. ಕೆಳಗೆ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು, ಯಾರೋ ಬರ್ಲಿ ಬರ್ಲಿ ಎನ್ನುತ್ತಿದ್ದರು. ನಾಲ್ಕು ನಲವತ್ತೈದು. ಬೆನ್ನಲ್ಲಿ, ಹಲ್ಲಿನ ಬುಡದಲ್ಲಿ, ಕಾಲಿನ ಹೆಬ್ಬೆರಳಿನಲ್ಲಿ ನವೆ. ನಲವತ್ತೊಂಬತ್ತು. ಒಂದು ಕೈಯನ್ನು, ಒಂದೇ ಬೆರಳನ್ನು, ಕಾವಲಿನಲ್ಲಿ ಕೈದಿಯನ್ನು ಬಿಟ್ಟ ಹಾಗೆ ಹೊರಗೆ ಬಿಟ್ಟ. ಬೆರಳು ಹೋಗಿ ಒಪ್ಪಿಗೆಯ ಗುಂಡಿಯನ್ನು ಒತ್ತಿತು. ವಾಪಸು ಬಂತು.

ಐದಕ್ಕೆ ಎರಡು ನಿಮಿಷವಿದೆ ಎನ್ನುವಾಗ ಫೋನು.

‘ಸರ್, ಆಫೀಸಿಂದ ಬಂತು. ಅರ್ಹಳು ಅಂತ.’

‘ಹೂಂ. ಒಳ್ಳೇದಾಯ್ತು.’

‘ಸರ್, ಅದು… ಅವಸರದಲ್ಲಿ ಮೂರನೇ ಸಾಲಲ್ಲಿ ಒಂದು ಜಾಗ ಜಾಸ್ತಿ ಬಿಟ್ಬಿಟ್ಟಿದೀನಿ. ನೀವು ನೋಡ್ಲಿಲ್ವಾ?’

ಅವನ ಕೈಗಳು ಇನ್ನೂ ಬಿಸಿಯಾಗಿದ್ದವು.

‘ನೋಡಿದೆ’ ಅಂದ.

‘ಮತ್ತೆ?’

ಪರದೆಯಲ್ಲಿ ಆ ಸಾಲು ಒಂದಿಷ್ಟು ಒಳಗೆ ಸರಿದು, ಸೊಟ್ಟಗೆ, ಹಾಗೇ ಇತ್ತು.

‘ಇರ್ಲಿ.’